ಬ್ರೇಕ್ ಒತ್ತಿದರೆ ಶಕ್ತಿ ಉಳಿಸುವ ಕಾರು

ಊರ್ಡಿಗೆರೆ ಸಮೀಪದ ದೇವರಾಯನದುರ್ಗದ ಬೆಟ್ಟ ಇಳಿಯುವ ಕಾರನ್ನು ಗಮನಿಸಿ. ತಿರುವು ತಿರುವಿಗೂ ಚಾಲಕ ಬ್ರೇಕ್ ಒತ್ತುತ್ತಾನೆ. ಪೆಟ್ರೋಲ್ ಸುಟ್ಟು ಬೆಟ್ಟ ಹತ್ತಿ ಗಳಿಸಿದ ಶಕ್ತಿ ಬ್ರೇಕಿನ ಬಿಸಿಯಾಗಿ ಗಾಳಿಗೆ ಸೇರಿಹೋಗುತ್ತದೆ. ಶಕ್ತಿಗೆ ನಾಶವಿಲ್ಲ, ಅದು ರೂಪ ಬದಲಿಸುತ್ತದೆ ಎಂಬುದು ಶಾಲೆಯ ಪಾಠ. ಹಾಗಿದ್ದರೆ ಅದನ್ನು ಹಿಡಿದಿಟ್ಟು ಮತ್ತೆ ಬಳಸಲು ಬಾರದೆ?

ಬರುತ್ತದೆ ಎಂದು ಹೇಳಿದ ಕಾರುಗಳಲ್ಲಿ ಹೆಸರಾದದ್ದು ಜಪಾನಿನ ಟೊಯೋಟಾ ಕಂಪನಿಯ ‘ಪ್ರಿಯಸ್’. 1995ರ ಟೋಕಿಯೋ ಮೋಟಾರು ಪ್ರದರ್ಶನದಲ್ಲಿ ಈ ಸೆಡಾನ್ ಭವಿಷ್ಯದ ಮಾದರಿಯಾಗಿ ನಿಂತಿತ್ತು. ಪೆಟ್ರೋಲ್ ಎಂಜಿನ್ನಿನ ಜೊತೆಗೆ ಒಂದು ವಿದ್ಯುತ್ ಮೋಟಾರು. ಬ್ರೇಕ್ ಒತ್ತಿದಾಗ ಚಕ್ರಗಳೇ ಮೋಟಾರನ್ನು ತಿರುಗಿಸಿ ವಿದ್ಯುತ್ ಪಡೆಯುವುದು ಇದರ ಗುಟ್ಟು. ಸೈಕಲ್ಲಿನ ಡೈನಮೋ ಹಾಕಿದೊಡನೆ ಪೆಡಲ್ ಭಾರವಾಗುತ್ತದಲ್ಲವೆ? ಆ ಎಳೆತವೇ ಇಲ್ಲಿ ಬ್ರೇಕ್! ಎಲ್ಲ ಶಕ್ತಿಯೂ ಮರಳಿ ಸಿಗದು. ಆದರೆ ಸಿಕ್ಕಷ್ಟು ಲಾಭವೇ.

ಪ್ರದರ್ಶನದ ವೇದಿಕೆಯಲ್ಲಿ ಕಾರು ಮಿಂಚಿತು. ಆದರೆ ಅದೇ ವರ್ಷದ ಕೊನೆಗೆ ಸಿದ್ಧವಾದ ಪರೀಕ್ಷಾ ವಾಹನ ಏಳು ವಾರ ನಿಂತಲ್ಲಿಂದ ಕದಲಲಿಲ್ಲ. ತಾಕೇಶಿ ಉಚಿಯಾಮಾಡ ನೇತೃತ್ವದ ಎಂಜಿನಿಯರುಗಳು ದೋಷ ಹುಡುಕುತ್ತಲೇ ಇದ್ದರು. ಕೊನೆಗೆ ಹೊರಟಾಗಲೂ ಅದು ಸಾಗಿದ್ದು ಕೆಲವೇ ನೂರು ಮೀಟರು. ಛಲ ಬಿಡದ ಅವರು 1997ರ ಡಿಸೆಂಬರಿನಲ್ಲಿ ಪ್ರಿಯಸ್ಸನ್ನು ಮಾರುಕಟ್ಟೆಗೆ ತಂದರು. ಜಪಾನಿನ ಅಂದಿನ ಪರೀಕ್ಷಾ ಕ್ರಮದಲ್ಲಿ ಅದು ಲೀಟರಿಗೆ 28 ಕಿ.ಮೀ. ನೀಡಿತು.

ಕಾರಿನ ಹೊರರೂಪ 2003ರಲ್ಲೇ ಬದಲಾಯಿತು. ಉಳಿದು ಬೆಳೆದದ್ದು ಒಳಗಿನ ತತ್ವ. ಬೇರೆ ಕಂಪನಿಗಳೂ ಹೈಬ್ರಿಡ್ ಕಾರುಗಳನ್ನು ಹೊರತಂದವು. ಹೋಂಡಾದ ಇನ್‌ಸೈಟ್ 1999ರಲ್ಲೇ ಬಂದಿತು. ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಸೆಡಾನ್ ಜೋಡಣೆ ಆರಂಭವಾಯಿತು. 2022ರಲ್ಲಿ ಪ್ರಕಟವಾದ ಇನ್ನೋವಾ ಹೈಕ್ರಾಸ್‌ನ ಹೈಬ್ರಿಡ್ ಮಾದರಿಯೂ ಬಿಡದಿಯದೇ. ಪೂರ್ಣ ವಿದ್ಯುತ್ ಕಾರುಗಳಲ್ಲಿಯೂ ಬ್ರೇಕಿನಿಂದ ಶಕ್ತಿ ಮರಳಿ ಪಡೆಯುವ ಉಪಾಯ ಕೆಲಸ ಮಾಡುತ್ತದೆ.

ಪೋಷಕರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಹತ್ತನೇ ತರಗತಿ ಮುಗಿಸಿದ ಗ್ರಾಮೀಣ ಬಡ ಕುಟುಂಬಗಳ ಪ್ರತಿಭಾವಂತ ಮಕ್ಕಳಿಗೆ ವಸತಿ ಸಹಿತ ತಾಂತ್ರಿಕ ತರಬೇತಿ ನೀಡಲೆಂದು 2007ರಲ್ಲಿ ಬಿಡದಿಯಲ್ಲೇ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಆರಂಭವಾಯಿತು. ಕಾಲೇಜು ಮೆಟ್ಟಿಲು ಹತ್ತುವುದೊಂದೇ ದಾರಿಯಲ್ಲ. ಕೈಕೆಲಸದಲ್ಲಿ ಆಸಕ್ತಿಯಿರುವ ಮಗುವನ್ನು ದಡ್ಡನೆಂದು ಜರೆಯುವ ಮುನ್ನ, ಏಳು ವಾರ ಕದಲದೆ ನಿಂತ ಆ ಕಾರನ್ನು ಒಮ್ಮೆ ನೆನೆಯುವುದು ಒಳ್ಳೆಯದು.