14,610 ರಾತ್ರಿ

ಮುಖವಾಡದ ಬೆಲೆ ಎರಡು ಡಾಲರ್‌ಗೂ ಕಡಿಮೆ. ಹಾಲಿವುಡ್‌ನ ಜಾದೂ ಸಾಮಾನಿನ ಅಂಗಡಿಯೊಂದರಲ್ಲಿ ಸಿಕ್ಕ ರಬ್ಬರ್ ಮುಖ ಅದು. ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ನದು. 1978ರ ‘ಹ್ಯಾಲೋವೀನ್’ ಸಿನಿಮಾಕ್ಕೆ ದುಡಿಯುತ್ತಿದ್ದ ಟಾಮಿ ಲೀ ವ್ಯಾಲೇಸ್ ಅದರ ಹುಬ್ಬು ಕಿತ್ತು, ಕಣ್ಣಿನ ತೂತು ದೊಡ್ಡದು ಮಾಡಿ, ಮೇಲೆ ಬಿಳಿ ಬಣ್ಣ ಹೊಡೆದರು. ಭಾವನೆ ಎಂಬುದೇ ಇಲ್ಲದ ಬಿಳಿ ಮುಖವೊಂದು ತಯಾರಾಯಿತು. ಆ ಮುಖದ ಹೆಸರಿನಲ್ಲಿ ಶುರುವಾದ ಸರಣಿಯಲ್ಲಿ 2022ರ ಹೊತ್ತಿಗೆ 13 ಸಿನಿಮಾ ಬಂದಿದ್ದವು.

ಮೊದಲ ಚಿತ್ರದ ಒಟ್ಟು ಖರ್ಚು ಸುಮಾರು 3,25,000 ಡಾಲರ್. ಆಗ ಒಂದು ಡಾಲರ್‌ಗೆ 8 ರೂಪಾಯಿ ಚಿಲ್ಲರೆ. ನಮ್ಮ ಲೆಕ್ಕಕ್ಕೆ ಹಿಡಿದರೆ 26 ಲಕ್ಷ ರೂಪಾಯಿಯ ಆಸುಪಾಸು. ಚಿತ್ರೀಕರಣ 20 ದಿನ. ಕಥೆ ನಡೆಯುವುದು ಅಕ್ಟೋಬರ್ 31ರ ರಾತ್ರಿ, ಅಮೆರಿಕದ ಮಕ್ಕಳು ದೆವ್ವದ ವೇಷ ಹಾಕಿಕೊಂಡು ಮನೆಮನೆ ತಿರುಗುವ ಹಬ್ಬದಂದು. ಚಿತ್ರೀಕರಣ ನಡೆದದ್ದು ಮಾತ್ರ ಕ್ಯಾಲಿಫೋರ್ನಿಯಾದ ವಸಂತಕಾಲದಲ್ಲಿ, ಗಿಡಗಳೆಲ್ಲ ಹಸಿರಾಗಿದ್ದಾಗ. ಎಲೆ ಉದುರುವ ಕಾಲ ಎಂದು ತೋರಿಸಲು ಎಲೆಗಳಿಗೆ ಬಣ್ಣ ಹಚ್ಚಿ ರಸ್ತೆಯ ಮೇಲೆ ಚೆಲ್ಲುತ್ತಿದ್ದರು. ಶಾಟ್ ಮುಗಿದ ಮೇಲೆ ಅವನ್ನೇ ಬಳಿದು ಚೀಲಕ್ಕೆ ತುಂಬಿ ಮುಂದಿನ ಬೀದಿಗೆ ಒಯ್ಯುತ್ತಿದ್ದರು. ಮತ್ತೆ ಎಲೆ ತರಿಸಲು ದುಡ್ಡಿರಲಿಲ್ಲ. ಚಿತ್ರ ನೋಡುವಾಗ ಆ ಎಲೆಗಳ ಮೇಲೆ ಕಣ್ಣಿಡಿ. ಒಂದೇ ಎಲೆ ಎರಡು ಬೀದಿಗಳಲ್ಲಿ ಉದುರಿದೆ ಎಂದು ತಿಳಿದು ನೋಡಿದರೂ ಆ ಬೀದಿಗಳ ಭಯ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ನಿರ್ದೇಶಕ ಜಾನ್ ಕಾರ್ಪೆಂಟರ್ ನಿರ್ಮಾಪಕಿ ಡೆಬ್ರಾ ಹಿಲ್ ಜೊತೆ ಕೂತು ಕಥೆ ಬರೆದರು. ಸಂಗೀತವನ್ನೂ ತಾವೇ ಮಾಡಿದರು, ಮೂರು ದಿನದಲ್ಲಿ. ಅವರ ತಂದೆ ಸಂಗೀತದ ಮೇಷ್ಟ್ರು. ಮಗ ಹುಡುಗನಾಗಿದ್ದಾಗ ಬಾಂಗೋ ಮೇಲೆ ಐದು ಎಣಿಕೆಯ ನಡೆಯನ್ನು ಕಲಿಸಿಕೊಟ್ಟಿದ್ದರು. ಅದೇ ಪಿಯಾನೋ ಮೇಲೆ ‘ಹ್ಯಾಲೋವೀನ್’ ರಾಗವಾಯಿತು. ನಮ್ಮ ಹಾವೇರಿ, ಧಾರವಾಡದ ಕಡೆ ಸಂಗೀತ ಕೇಳಿ ಬೆಳೆದವರಿಗೆ ಇದು ಕಿವಿಗೆ ಬಿದ್ದೊಡನೆ ಗುರುತು ಹತ್ತುತ್ತದೆ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ಹೆಸರಿನೊಳಗಿರುವ ಹಾನಗಲ್ಲು ನಮ್ಮ ಹಾವೇರಿ ಜಿಲ್ಲೆಯದೇ, ಝಪತಾಳ ನಮಗೆ ಹೊಸದಲ್ಲ. ಝಪತಾಳದ ಹತ್ತು ಮಾತ್ರೆ 2-3-2-3 ಎಂದು ನಡೆಯುತ್ತದೆ. ಕಾರ್ಪೆಂಟರ್‌ರ ಹತ್ತು ಸ್ವರ 3-3-2-2 ಎಂದು ನಡೆಯುತ್ತದೆ. ಮೊದಲ ಆರು ಸ್ವರ ನೆಮ್ಮದಿಯಾಗಿ ಹೋಗುತ್ತವೆ, ಕೊನೆಯ ನಾಲ್ಕಕ್ಕೆ ಯಾರೋ ಹಿಂದಿನಿಂದ ಹೆಜ್ಜೆ ಚುರುಕು ಮಾಡಿದರು ಅನ್ನಿಸುತ್ತದೆ. ಝಪತಾಳದಲ್ಲಿ ಸಮಕ್ಕೆ ಬಂದು ನಿಲ್ಲುವ ಸುಖವಿದೆ. ಇಲ್ಲಿ ನಿಲ್ಲಲು ಜಾಗವಿಲ್ಲ.

ಗಳಿಕೆ ಪ್ರಪಂಚದಾದ್ಯಂತ ಸುಮಾರು 7 ಕೋಟಿ ಡಾಲರ್. ಹಾಕಿದ ದುಡ್ಡಿನ 200 ಪಟ್ಟಿಗೂ ಮೀರಿ.

ಇಷ್ಟೆಲ್ಲ ಅಬ್ಬರದ ಚಿತ್ರದಲ್ಲಿ ಮುಖವಾಡದ ಮೈಕೆಲ್ ಮೈಯರ್ಸ್ ಕೊಲ್ಲುವುದು ಎಷ್ಟು ಜನರನ್ನು? ಐವರನ್ನು. ಅದರಲ್ಲಿ ಒಬ್ಬಳು 1963ರಲ್ಲಿ ಆರು ವರ್ಷದ ಹುಡುಗನಾಗಿದ್ದಾಗ ಕೊಂದ ಅವನದೇ ಅಕ್ಕ. ತೆರೆಯ ಮೇಲೆ ರಕ್ತ ಕಾಣುವುದೇ ಅಪರೂಪ. 91 ನಿಮಿಷದ ಬಹುಪಾಲು ಅವನು ಬೇಲಿಯ ಮರೆಯಲ್ಲಿ, ಒಗೆದು ಹರವಿದ ಬಟ್ಟೆಗಳ ನಡುವೆ ಸುಮ್ಮನೆ ನಿಂತಿರುತ್ತಾನೆ. ಕೊನೆಗೆ 17 ವರ್ಷದ ಲೋರಿ ಸ್ಟ್ರೋಡ್ ಎಂಬ ಹುಡುಗಿಯ ಬೆನ್ನು ಹತ್ತುತ್ತಾನೆ. ಅವಳು ಆ ರಾತ್ರಿ ನೆರೆಮನೆಯ ಮಕ್ಕಳನ್ನು ನೋಡಿಕೊಳ್ಳಲು ಬಂದವಳು. ಹೆಣೆಯುವ ಸೂಜಿ, ಬಟ್ಟೆ ನೇತುಹಾಕುವ ಹ್ಯಾಂಗರ್ ತಂತಿ, ಹೀಗೆ ಕೈಗೆ ಸಿಕ್ಕಿದ್ದನ್ನು ಹಿಡಿದು ಎದುರಿಸುತ್ತಾಳೆ. ಮೈಕೆಲ್‌ನ ಮನೋವೈದ್ಯ ಡಾಕ್ಟರ್ ಲೂಮಿಸ್ ಬಂದು ಆರು ಗುಂಡು ಹಾರಿಸುತ್ತಾರೆ. ಮೈಕೆಲ್ ಬಾಲ್ಕನಿಯಿಂದ ಕೆಳಗೆ ಬೀಳುತ್ತಾನೆ. ಡಾಕ್ಟರ್ ಬಗ್ಗಿ ನೋಡುತ್ತಾರೆ. ಹುಲ್ಲಿನ ಮೇಲೆ ಯಾರೂ ಇಲ್ಲ.

ಲೋರಿಯಾಗಿ ನಟಿಸಿದ ಜೇಮೀ ಲೀ ಕರ್ಟಿಸ್‌ಗೆ ಆಗ 19 ವರ್ಷ, ಅದು ಅವರ ಮೊದಲ ಸಿನಿಮಾ. ಸಂಭಾವನೆ 8,000 ಡಾಲರ್. ಅವರ ತಾಯಿ ಜಾನೆಟ್ ಲೀ. ಹಿಚ್‌ಕಾಕ್‌ರ ‘ಸೈಕೋ’ದಲ್ಲಿ ಸ್ನಾನದ ಮನೆಯಲ್ಲಿ ಕೊಲೆಯಾಗುವ ಹೆಣ್ಣು ಅವರೇ. ಆ ದೃಶ್ಯ ತೆರೆಯ ಮೇಲೆ ಸುಮಾರು 45 ಸೆಕೆಂಡ್. ಅದಕ್ಕೆ ಕ್ಯಾಮೆರಾವನ್ನು 78 ಜಾಗದಲ್ಲಿ ಇಟ್ಟು, 52 ಕಡೆ ಕತ್ತರಿಸಿ ಜೋಡಿಸಿದರು, ಚಿತ್ರೀಕರಣಕ್ಕೆ ಏಳು ದಿನ ಹಿಡಿಯಿತು. ಹರಿಯುವ ರಕ್ತ ಚಾಕೊಲೇಟ್ ಪಾಕ, ಕಪ್ಪುಬಿಳುಪಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಒಬ್ಬ ಹೆಂಗಸು ಸಾಯುವ 45 ಸೆಕೆಂಡಿಗೆ ಇಡೀ ಏಳು ದಿನ! ಇದು 1960ರ ಚಿತ್ರ. ತಾಯಿ ಸಿನಿಮಾ ಲೋಕದ ಅತಿ ಪ್ರಸಿದ್ಧ ಬಲಿಯಾದರು, 18 ವರ್ಷದ ಮೇಲೆ ಮಗಳು ಅತಿ ಪ್ರಸಿದ್ಧವಾಗಿ ಬದುಕುಳಿದರು. ಒಂದೇ ಮನೆಯಲ್ಲಿ ಇವೆರಡೂ ನಡೆದವು ಎಂಬುದು ನನಗೆ ಗಳಿಕೆಯ ಎಲ್ಲ ಕೋಟಿಗಳಿಗಿಂತ ದೊಡ್ಡ ಬೆರಗು.

ಕೊನೆಯವರೆಗೂ ಉಳಿಯುವ ಇಂಥ ಹುಡುಗಿಗೆ 1987ರಲ್ಲಿ ಕ್ಯಾರೊಲ್ ಕ್ಲೋವರ್ ಎಂಬ ವಿದ್ವಾಂಸೆ ‘ಫೈನಲ್ ಗರ್ಲ್’ ಎಂದು ಹೆಸರಿಟ್ಟರು. ಹೆಸರು ಎಲ್ಲೆಡೆ ಹಬ್ಬಿತು. ಆದರೆ ಉಳಿದ ಮೇಲೆ ಆ ಹುಡುಗಿ ಏನಾದಳು ಎಂಬ ಪ್ರಶ್ನೆಗೆ ಸಿನಿಮಾದವರು ಬಹುಕಾಲ ಸರಿಯಾಗಿ ಉತ್ತರಿಸಲಿಲ್ಲ. ಲೋರಿಯ ಕಥೆಯನ್ನೇ ನೋಡಿ. 1981ರ ಎರಡನೇ ಚಿತ್ರ ಅದೇ ರಾತ್ರಿಯನ್ನು ಮುಂದುವರಿಸಿತು. 1988ರ ನಾಲ್ಕನೇ ಚಿತ್ರ ಬಂದಾಗ ಅವಳು ಕಾರು ಅಪಘಾತದಲ್ಲಿ ಸತ್ತಳು ಎಂದು ಮಾತಿನಲ್ಲೇ ಮುಗಿಸಿದರು. 1998ರಲ್ಲಿ ಬದುಕಿಸಿದರು. ಬೇರೆ ಹೆಸರಿಟ್ಟುಕೊಂಡು ಒಂದು ಶಾಲೆಯ ಮುಖ್ಯಸ್ಥೆಯಾಗಿದ್ದಳು, ಮೈಕೆಲ್‌ನ ತಲೆಯನ್ನೇ ಕಡಿದಳು. ಆ ಚಿತ್ರದಲ್ಲಿ ತಾಯಿ ಜಾನೆಟ್ ಲೀ ಕೂಡ ಮಗಳ ಜೊತೆ ಒಂದು ಚಿಕ್ಕ ಪಾತ್ರದಲ್ಲಿ ನಿಂತರು. 2002ರಲ್ಲಿ ಮತ್ತೆ ಕೊಂದರು, ಅದೂ ಚಿತ್ರದ ಆರಂಭದಲ್ಲೇ. ಬರೆಯುವವರ ಅನುಕೂಲಕ್ಕೆ ಎರಡು ಸಲ ಸತ್ತಳು.

2018ರಲ್ಲಿ ನಿರ್ದೇಶಕ ಡೇವಿಡ್ ಗಾರ್ಡನ್ ಗ್ರೀನ್ ಮತ್ತು ಅವರ ಜೊತೆ ಬರೆದವರು ನಡುವಿನ ಸಿನಿಮಾಗಳನ್ನೆಲ್ಲ ಒರೆಸಿ ಹಾಕಿದರು. 1978ರ ರಾತ್ರಿ ನಡೆದದ್ದಷ್ಟೇ ನಿಜ, ಆಮೇಲೆ ಲೋರಿ ಬದುಕಿದಳು, 40 ವರ್ಷ ಬದುಕಿದಳು, ಈಗ ಅವಳಿಗೊಬ್ಬಳು ಮೊಮ್ಮಗಳಿದ್ದಾಳೆ. ಕಥೆ ಮತ್ತೆ ಅಕ್ಟೋಬರ್ 31ಕ್ಕೆ ಬರುತ್ತದೆ.

1978ರ ಅಕ್ಟೋಬರ್ 31ರಿಂದ 2018ರ ಅಕ್ಟೋಬರ್ 31ರವರೆಗೆ, ಹತ್ತು ಅಧಿಕ ದಿನಗಳನ್ನೂ ಸೇರಿಸಿದರೆ, 14,610 ರಾತ್ರಿ. ಅವಳ ಮೇಲೆ ನಡೆದ ದಾಳಿ ಹೆಚ್ಚೆಂದರೆ ಅರ್ಧ ಗಂಟೆ. 14,610 ದಿನಗಳಲ್ಲಿ ಅಂಥ ಅರ್ಧ ಗಂಟೆಗಳು ಏಳು ಲಕ್ಷಕ್ಕೂ ಹೆಚ್ಚು. ಒಂದು ಅರ್ಧ ಗಂಟೆ ಮುಂದಿನ ಏಳು ಲಕ್ಷ ಅರ್ಧ ಗಂಟೆಗಳನ್ನು ನುಂಗಿತು. ಈ ಸರಣಿಯಲ್ಲಿ ಸತ್ತವರ ಪಟ್ಟಿಯನ್ನು ಅಭಿಮಾನಿಗಳು ಚಿತ್ರವಾರು ಇಟ್ಟಿದ್ದಾರೆ. ನನಗೆ ಎದೆ ನಡುಗಿಸುವ ಅಂಕಿ ಈ 14,610 ಒಂದೇ.

ಆ ರಾತ್ರಿಗಳು ಹೇಗೆ ಕಳೆದವು ಎಂಬುದನ್ನು ಚಿತ್ರ ಮನೆಯ ಮೂಲಕ ಹೇಳುತ್ತದೆ. ಊರಾಚೆ ಕಾಡಿನಂಚಿಗೆ ಒಂಟಿ ಮನೆ. ಸುತ್ತ ಬೇಲಿ, ಬೆಳಕು ಚೆಲ್ಲುವ ದೀಪಗಳು, ಬಾಗಿಲಿಗೆ ಸಾಲು ಚಿಲಕ. ಹಿತ್ತಲಲ್ಲಿ ಗುರಿ ಕಲಿಯಲು ನಿಲ್ಲಿಸಿದ ಅಂಗಡಿ ಗೊಂಬೆಗಳು. ಅಡುಗೆಮನೆಯ ನಡುವಿನ ಕಟ್ಟೆ ಪಕ್ಕಕ್ಕೆ ಸರಿದರೆ ಕೆಳಗೆ ನೆಲಮಾಳಿಗೆಗೆ ಮೆಟ್ಟಿಲು. ಎರಡು ಮದುವೆ ಮುರಿದಿವೆ. ಮಗಳು ಕ್ಯಾರನ್‌ಗೆ ಚಿಕ್ಕಂದಿನಿಂದ ಬಂದೂಕು ಹಿಡಿಯಲು ಕಲಿಸಿದಳು. ಹನ್ನೆರಡನೆಯ ವಯಸ್ಸಿನಲ್ಲಿ ಆ ಮಗುವನ್ನು ಸರಕಾರದವರು ಬಂದು ಕರೆದೊಯ್ದರು. ಊರಿನವರ ಕಣ್ಣಿಗೆ ಲೋರಿ ತಲೆ ಕೆಟ್ಟ ಮುದುಕಿ. ಕೊಂದವನ ಬಗ್ಗೆ ತಿಳಿಯಲು ರೆಕಾರ್ಡರ್ ಹಿಡಿದು ಸಂದರ್ಶನಕ್ಕೆ ಬರುವವರು ಇದ್ದಾರೆ. ಅವಳಿಗೆ ನಿದ್ದೆ ಬರುತ್ತದೆಯೇ ಎಂದು ಕೇಳುವವರು ಯಾರೂ ಇಲ್ಲ.

ಆಮೇಲೆ ಆ ದೃಶ್ಯ. ಮೈಕೆಲ್ ಮನೆ ಹೊಕ್ಕಿದ್ದಾನೆ. ಹೊಡೆದಾಟದಲ್ಲಿ ಈ ಸಲ ಬಾಲ್ಕನಿಯಿಂದ ಕೆಳಗೆ ಬೀಳುವವಳು ಲೋರಿ. ಅವನು ಬಗ್ಗಿ ನೋಡುತ್ತಾನೆ, ಅಂಗಾತ ಬಿದ್ದಿದ್ದಾಳೆ. ಕ್ಷಣ ಬಿಟ್ಟು ಮತ್ತೆ ನೋಡಿದರೆ ಅಲ್ಲಿ ಯಾರೂ ಇಲ್ಲ. 40 ವರ್ಷದ ಹಿಂದೆ ಅವನಿಂದ ನಾವು ಪಟ್ಟ ದಿಗಿಲನ್ನು ಈಗ ಅವನು ಅವಳಿಂದ ಪಡಬೇಕು. ಅಡಗಿಕೊಳ್ಳಲು ಕಟ್ಟಿದಳೆಂದು ಎಲ್ಲರೂ ತಿಳಿದಿದ್ದ ನೆಲಮಾಳಿಗೆ ಅವನನ್ನು ಹಿಡಿಯಲು ಕಟ್ಟಿದ ಬೋನು. ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಸೇರಿ ಅವನನ್ನು ಅದರೊಳಗೆ ಕೆಡವಿ, ಮೇಲಿನಿಂದ ಕಬ್ಬಿಣದ ಸರಳು ಮುಚ್ಚಿ, ಮನೆಗೆ ಬೆಂಕಿ ಇಡುತ್ತಾರೆ. 14,610 ರಾತ್ರಿ ಹೆದರಿದವಳು ಅಷ್ಟೂ ರಾತ್ರಿ ಕೆಲಸ ಮಾಡುತ್ತಿದ್ದಳು.

ಚಿತ್ರ ಅಮೆರಿಕದಲ್ಲಿ ಮೊದಲ ಮೂರು ದಿನಕ್ಕೆ 7.6 ಕೋಟಿ ಡಾಲರ್ ಗಳಿಸಿತು, ಪ್ರಪಂಚದಾದ್ಯಂತ 25 ಕೋಟಿ ದಾಟಿತು. ಕರ್ಟಿಸ್‌ಗೆ ಆಗ 59 ವರ್ಷ. 55 ದಾಟಿದ ನಾಯಕಿಯ ಚಿತ್ರವೊಂದಕ್ಕೆ ಇಷ್ಟು ದೊಡ್ಡ ಆರಂಭ ಸಿಕ್ಕಿರಲಿಲ್ಲ ಎಂದು ಅವರೇ ಹೆಮ್ಮೆಯಿಂದ ಜಗತ್ತಿಗೆ ಹೇಳಿಕೊಂಡರು. ಹೆಮ್ಮೆಪಡಬೇಕಾದ ಮಾತೇ.

ರಟ್ಟೀಹಳ್ಳಿಯಲ್ಲಿ ಕೂತು ಈ ಲೆಕ್ಕ ಹಾಕುವಾಗ ನನಗೆ ನಮ್ಮ ಸೀಮೆಯ ಕಲ್ಲುಗಳು ನೆನಪಾಗುತ್ತವೆ. ಹಾನಗಲ್ಲು, ಹಿರೇಕೆರೂರು, ಸವಣೂರಿನ ಸುತ್ತ ವೀರಗಲ್ಲು ಕಾಣದ ದಾರಿ ಅಪರೂಪ. ಕರ್ನಾಟಕದಲ್ಲಿ ಅವು ಸಾವಿರಗಟ್ಟಲೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಹೆಣ್ಣಿಗೆ ಮಾಸ್ತಿಗಲ್ಲು. ಕಂಬದಿಂದ ಚಾಚಿದ ಬಲ ತೋಳು, ಮೇಲಕ್ಕೆತ್ತಿದ ಅಂಗೈ, ಮಣಿಕಟ್ಟಿನಲ್ಲಿ ಬಳೆ. ಗಂಡನ ಚಿತೆ ಏರಿದವಳಿಗೆ ಆ ಕಲ್ಲು. ಏರದೆ ಉಳಿದು, ಮಕ್ಕಳನ್ನು ಸಾಕಿ, ಮುಪ್ಪಾಗಿ ತೀರಿಕೊಂಡವಳಿಗೆ ಯಾವ ಕಲ್ಲನ್ನೂ ನೆಟ್ಟಿಲ್ಲ. ರಟ್ಟೀಹಳ್ಳಿಯ ಬಳಿಯೇ 1764ರಲ್ಲಿ ಪೇಶ್ವೆ ಮಾಧವರಾಯನ ದಂಡು ಹೈದರಾಲಿಯನ್ನು ಸೋಲಿಸಿತು. ಗೆದ್ದವನ ಹೆಸರು, ಸೋತವನ ಹೆಸರು ಚರಿತ್ರೆಯಲ್ಲಿ ಇವೆ. ಆ ದಂಡುಗಳು ತುಳಿದು ಹೋದ ಹಳ್ಳಿಗಳಲ್ಲಿ ಬದುಕುಳಿದ ಹೆಂಗಸರು ಮುಂದೆ ಎಷ್ಟು ರಾತ್ರಿ ಕದಕ್ಕೆ ಕಿವಿಗೊಟ್ಟು ಮಲಗಿದರು ಎಂಬುದನ್ನು ಯಾರೂ ಬರೆಯಲಿಲ್ಲ.

ನಮ್ಮ ಸಿನಿಮಾ ಆ ಕಲ್ಲುಗಳ ದಾರಿಯನ್ನೇ ಹಿಡಿಯಿತು. ಭಯದ ಕಥೆಯಲ್ಲಿ ನಾವು ಮೊದಲು ಹೆಣ್ಣನ್ನು ಸಾಯಿಸುತ್ತೇವೆ, ಆಮೇಲೆ ದೆವ್ವವಾಗಿ ಕರೆಸುತ್ತೇವೆ, ಸೇಡು ತೀರಿಸುವ ಹಕ್ಕನ್ನು ಸತ್ತ ಮೇಲೆ ಕೊಡುತ್ತೇವೆ. ನಾಗವಲ್ಲಿಗಿಂತ ದೊಡ್ಡ ಉದಾಹರಣೆ ಬೇಡ. 1993ರ ಮಲಯಾಳಂ ‘ಮಣಿಚಿತ್ರತ್ತಾಳ್’ 2004ರಲ್ಲಿ ಕನ್ನಡದ ‘ಆಪ್ತಮಿತ್ರ’ವಾಯಿತು. ತಮಿಳು, ಬಂಗಾಳಿ, ಹಿಂದಿಗೂ ಆ ಕಥೆ ಹೋಯಿತು. ರಾಜನೊಬ್ಬನ ಕ್ರೌರ್ಯಕ್ಕೆ ಬಲಿಯಾದ ನರ್ತಕಿ ನಾಗವಲ್ಲಿ ತಲೆಮಾರುಗಳ ನಂತರ ಗಂಗಾ ಎಂಬ ಹೆಂಗಸಿನ ಮನಸ್ಸನ್ನು ಹೊಗುತ್ತಾಳೆ. ಗಂಗಾ ಆಗಿ ನಟಿಸಿದ ಸೌಂದರ್ಯ 2004ರ ಏಪ್ರಿಲ್ 17ರಂದು ವಿಮಾನ ದುರಂತದಲ್ಲಿ ತೀರಿಕೊಂಡರು. ಚಿತ್ರ ತೆರೆ ಕಂಡದ್ದು ಆಗಸ್ಟ್‌ನಲ್ಲಿ. ಮುಂದಿನ ಭಾಗ ‘ಆಪ್ತರಕ್ಷಕ’ ವಿಷ್ಣುವರ್ಧನ್‌ರ 200ನೇ ಚಿತ್ರ. ಅವರು 2009ರ ಡಿಸೆಂಬರ್ 30ರಂದು ಹೋದರು, ಚಿತ್ರ 2010ರ ಫೆಬ್ರುವರಿಯಲ್ಲಿ ಬಂತು. ಎರಡೂ ಸಲ ಜನ ಇಲ್ಲದವರನ್ನು ನೋಡಲು ಚಿತ್ರಮಂದಿರದ ಮುಂದೆ ಸಾಲು ನಿಂತರು. ಆ ಸಾಲುಗಳಲ್ಲಿ ಇದ್ದದ್ದು ಕುತೂಹಲಕ್ಕಿಂತ ಹೆಚ್ಚಾಗಿ ಪ್ರೀತಿ.

ಎರಡನೆಯ ಭಾಗಕ್ಕೆ ನಾಗವಲ್ಲಿ ಮರಳಿ ಬಂದಳು, ವಿಷ್ಣುವರ್ಧನ್ ಮಾಡಿದ ಮನೋವೈದ್ಯನ ಪಾತ್ರ ಮರಳಿ ಬಂತು, ಕಥೆ ಬೇರೊಂದು ಮನೆಯ ಹೆಣ್ಣುಮಕ್ಕಳ ಕಡೆ ಹೊರಳಿತು. ಮೊದಲ ಭಾಗದಲ್ಲಿ ನಿಜವಾಗಿ ಬದುಕುಳಿದವಳು ಗಂಗಾ. ತನ್ನದೇ ಕೈ ಗಂಡನ ಮೇಲೆ ಎದ್ದದ್ದು, ತನ್ನದೇ ಗಂಟಲಿನಿಂದ ಇನ್ನೊಬ್ಬಳ ಮಾತು ಬಂದದ್ದು, ಇವನ್ನೆಲ್ಲ ಅವಳಿಗೆ ಆಮೇಲೆ ಯಾರೋ ಹೇಳಿರಬೇಕು. ಆ ಗಂಡನ ಪಕ್ಕದಲ್ಲೇ ಅವಳು ಮಲಗಬೇಕು. ಗೆಜ್ಜೆಯ ಸದ್ದಿಗೆ ಏನಾಗುತ್ತಿತ್ತು ಅವಳಿಗೆ? ಸೌಂದರ್ಯ ಇಲ್ಲದ ಮೇಲೆ ಆ ಪಾತ್ರವನ್ನು ಮುಟ್ಟುವುದು ಕಷ್ಟ ಎಂಬುದು ನನಗೂ ಗೊತ್ತು. ಆದರೂ ಲೋರಿಗೆ ಸಿಕ್ಕ ಚಿತ್ರ ಗಂಗಾಳಿಗೂ ಸಿಗಬೇಕೆಂಬ ಆಸೆ ಬಿಡುವುದಿಲ್ಲ. ಮೈಮೇಲೆ ಯಾವ ದೆವ್ವವೂ ಬಾರದ, ಕೂದಲು ನರೆತ, ಎಲ್ಲ ನೆನಪಿರುವ ಗಂಗಾ. 2004ರಿಂದ ಎಣಿಸಿದರೆ ಅವಳ 40 ವರ್ಷ ತುಂಬುವುದು 2044ಕ್ಕೆ. ಬರೆಯುವವರಿಗೆ ಇನ್ನೂ ಸಮಯವಿದೆ.