ದೀಪಕ್ಕೆ ಬೆನ್ನು ಕೊಡುವ ಹುಳು

ಮುಂಗಾರಿನ ಮೊದಲ ಹದಮಳೆ ಬಿದ್ದ ಸಂಜೆ ಬಯಲುಸೀಮೆಯ ದೀಪಗಳಿಗೆ ಬಿಡುವಿಲ್ಲ. ಜಗಳೂರಿನ ಕಡೆ ನೆಲದೊಳಗಿನ ಗೆದ್ದಲು ರೆಕ್ಕೆ ಕಟ್ಟಿಕೊಂಡು ಏಳುತ್ತದೆ. ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಬೇರು ತಿಂದು ಬೆಳೆದ ಗೊಣ್ಣೆಹುಳು ದುಂಬಿಯಾಗಿ ಮಣ್ಣು ಬಿಟ್ಟು ಹೊರಬರುತ್ತದೆ. ಮುಂದೆ ಭತ್ತ ಬೆಳೆದಾಗ ಹೊನ್ನಾಳಿ, ನ್ಯಾಮತಿಯ ಗದ್ದೆ ಬಯಲಿನಲ್ಲಿ ಕಾಂಡಕೊರಕದ ಪತಂಗ, ಕಂದು ಜಿಗಿಹುಳುಗಳ ಸರದಿ. ಜಾತಿ ಬೇರೆ, ಬದುಕು ಬೇರೆ. ಬಲ್ಬು ಕಂಡರೆ ಮಾತ್ರ ಎಲ್ಲವೂ ಅದರ ಸುತ್ತ ಗಿರಕಿ ಹೊಡೆಯುತ್ತವೆ.

ಕತ್ತಲಲ್ಲಿ ದಾರಿ ಕಾಣದೆ ಬರುತ್ತವೆ ಎನ್ನುವಂತಿಲ್ಲ. ಪಶ್ಚಿಮ ಘಟ್ಟದ ಭೀಮಾಶಂಕರದಲ್ಲಿ ಮರ ಕೊರೆದು ಗೂಡು ಮಾಡುವ, ಜೇನಿನ ಬಳಗದ ಒಂದು ದೊಡ್ಡ ದುಂಬಿಯಿದೆ. ಹೇಮಾ ಸೋಮನಾಥನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದಂತೆ, ಅದು ಚಂದ್ರನಿಲ್ಲದ ರಾತ್ರಿಯಲ್ಲೂ ಹೂವಿಗೆ ಹೋಗಿ ಗೂಡಿಗೆ ಮರಳುತ್ತದೆ. ನಮಗೆ ಎಲ್ಲವೂ ಬೂದುಬಣ್ಣವಾಗಿ ಕಾಣುವ ನಕ್ಷತ್ರದ ಬೆಳಕಿನಲ್ಲಿ ಅದು ಗೂಡಿನ ಬಳಿಯ ಬಣ್ಣವನ್ನು ಗುರುತಿಟ್ಟುಕೊಳ್ಳುತ್ತದೆ! ಆಫ್ರಿಕಾದ ಸಗಣಿ ದುಂಬಿ ಉಂಡೆ ಉರುಳಿಸುವಾಗ ಆಕಾಶಗಂಗೆಯ ಪಟ್ಟಿಯನ್ನು ನೋಡಿ ನೇರ ದಾರಿ ಹಿಡಿಯುತ್ತದೆಂದು 2013ರಲ್ಲಿ ತಿಳಿಯಿತು.

ಇಷ್ಟು ಚುರುಕು ಕಣ್ಣಿನ ಜೀವಿ ಬಲ್ಬಿನ ಮುಂದೆ ಯಾಕೆ ಹೀಗಾಗುತ್ತದೆ? ಹುಳು ಬಲ್ಬನ್ನು ಚಂದ್ರನೆಂದು ಭ್ರಮಿಸುತ್ತದೆ ಎಂಬುದು ಪಾಠಗಳಲ್ಲಿ ಬಹುಕಾಲ ಉಳಿದ ಉತ್ತರ. 2024ರ ಜನವರಿಯಲ್ಲಿ ಸ್ಯಾಮ್ಯುಯೆಲ್ ಫೇಬಿಯನ್, ಯಶ್ ಸೋಂಧಿ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ ನನಗೆ ಅದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಲಂಡನ್ನಿನ ಪ್ರಯೋಗಾಲಯದಲ್ಲೂ ಕೋಸ್ಟರಿಕಾದ ಕಾಡಿನಲ್ಲೂ ವೇಗದ ಕ್ಯಾಮೆರಾ ಇಟ್ಟು ಅವರು ಹುಳುಗಳ ಒಂದೊಂದು ಹೊರಳನ್ನೂ ಹಿಡಿದರು. ಹುಳುಗಳು ದೀಪಕ್ಕೆ ಮುಖ ಕೊಟ್ಟಿರಲಿಲ್ಲ, ಬೆನ್ನು ಕೊಟ್ಟಿದ್ದವು.

ಎಂಥ ಕತ್ತಲಲ್ಲೂ ನೆಲಕ್ಕಿಂತ ಆಕಾಶ ಒಂದಿಷ್ಟು ಬೆಳಗಿರುತ್ತದೆ. ಬೆಳಕಿರುವ ಕಡೆ ಬೆನ್ನು ಇಟ್ಟರೆ ಹೊಟ್ಟೆ ನೆಲದ ಕಡೆ ಇದ್ದಂತೆಯೇ. ಗಾಳಿಯಲ್ಲಿ ಹೊರಳುತ್ತ ಹಾರುವ ಪುಟ್ಟ ದೇಹಕ್ಕೆ ಮೇಲು ಕೆಳಗು ತಿಳಿಯಲು ಇದು ಒಳ್ಳೆಯ ಉಪಾಯ. ಬಲ್ಬು ಇದನ್ನೇ ಕೆಡಿಸುತ್ತದೆ. ಪಕ್ಕದಲ್ಲಿ ಹಾರುವ ಪತಂಗ ಬೆನ್ನನ್ನು ಬಲ್ಬಿನ ಕಡೆ ವಾಲಿಸುತ್ತದೆ. ವಾಲಿದ ಕೂಡಲೇ ದಾರಿ ಬಾಗಿ ಸುತ್ತತೊಡಗುತ್ತದೆ. ಕೆಳಗಿನಿಂದ ಬಂದದ್ದು ತಲೆ ಮೇಲೆತ್ತಿ ಏರಿ, ವೇಗ ಕಳೆದುಕೊಂಡು ತಡವರಿಸುತ್ತದೆ. ಬಲ್ಬಿನ ಮೇಲೆ ಹಾಯ್ದದ್ದು ಅಂಗಾತ ಹೊರಳಿ ದೊಪ್ಪನೆ ಬೀಳುತ್ತದೆ. ಅದೇ ಬೆಳಕನ್ನು ತಲೆಯ ಮೇಲೆ ಹರಡಿದ ಬಿಳಿ ಬಟ್ಟೆಗೆ ಬಿಟ್ಟಾಗ ಹುಳುಗಳು ಅದರ ಕೆಳಗೆ ಸಲೀಸಾಗಿ ಹಾರಿಹೋದವು.

ಎಲ್ಲ ಹುಳುವೂ ಹೀಗಲ್ಲ. ನಮ್ಮ ಅಂಗಳದ ಕಣಗಿಲೆ ಎಲೆ ತಿಂದು ಬೆಳೆಯುವ ಹಸಿರು ಪತಂಗ ಪ್ರಯೋಗದಲ್ಲಿ ದೀಪದ ಮೇಲೆ ಹಾರಿಯೂ ಮಗುಚಲಿಲ್ಲ. ಬಲು ದೂರದ ಹುಳು ದೀಪದತ್ತ ಹೊರಡುವುದಕ್ಕೂ ಈ ವಿವರಣೆ ಸಾಲದು. ಹತ್ತಿರ ಬಂದದ್ದು ಯಾಕೆ ಸಿಕ್ಕಿಬೀಳುತ್ತದೆ ಎಂಬುದನ್ನು ಮಾತ್ರ ಅದು ಬಿಡಿಸುತ್ತದೆ.

ಹೊಲದಲ್ಲಿ ಬಲ್ಬು ಕಟ್ಟಿ, ಕೆಳಗೆ ಸೀಮೆಎಣ್ಣೆ ಬೆರೆಸಿದ ನೀರಿನ ಬೋಗುಣಿ ಇಡುವ ದೀಪದ ಬಲೆ ರೈತರಿಗೆ ಹೊಸದಲ್ಲ. ತಡವರಿಸಿ ಬೀಳುವ ಹುಳುವಿಗೆ ಅದು ತಕ್ಕ ಉಪಾಯವೇ. ಆದರೆ ಅದಕ್ಕೆ ವೈರಿ ಯಾರು, ಮಿತ್ರ ಯಾರು ಗೊತ್ತಾಗದು. ಪೀಡೆಹುಳುಗಳನ್ನು ತಿನ್ನುವ ದುಂಬಿಗಳೂ ಅದೇ ಬೋಗುಣಿಗೆ ಬೀಳುತ್ತವೆ. ಹಾಗಾಗಿ ಸಂಜೆ ಹೊತ್ತಿಸಿದ್ದನ್ನು ಬೆಳಗಿನತನಕ ಉರಿಸದೆ, ಕೆಲವು ಗಂಟೆಗಳಲ್ಲಿ ಆರಿಸುವುದು ಒಳ್ಳೆಯದು.

ಬೀದಿದೀಪದ ಮಾತು ಇನ್ನೂ ಸುಲಭ. ನೇರಳಾತೀತ ಮತ್ತು ನೀಲಿ ಕಿರಣಗಳು ಹುಳುಗಳನ್ನು ಹೆಚ್ಚು ಸೆಳೆಯುತ್ತವೆ, ಹಳದಿ ಕಡಿಮೆ. ಚನ್ನಗಿರಿಯ ಸೂಳೆಕೆರೆ ದಂಡೆಯಲ್ಲಿ, ಜಗಳೂರಿನ ರಂಗಯ್ಯನದುರ್ಗ ಕೊಂಡುಕುರಿ ಅಭಯಾರಣ್ಯದ ಅಂಚಿನ ಊರುಗಳಲ್ಲಿ ಹೊಸ ದೀಪ ಹಾಕುವಾಗ ಪಂಚಾಯಿತಿಯವರು ಕಣ್ಣು ಕುಕ್ಕುವ ಬಿಳಿ ಬೆಳಕಿನ ಬದಲು ಹಳದಿ ದೀಪ ಆಯ್ದುಕೊಳ್ಳಲಿ, ಬೆಳಕು ಮೇಲಕ್ಕೂ ಪಕ್ಕಕ್ಕೂ ಹರಡದಂತೆ ಮುಚ್ಚಿಗೆ ಹಾಕಿಸಲಿ.