ಕೀಲಿಗೆ ಚಲನೆಯೇ ಆಹಾರ

ಕಲಬುರಗಿಯ ನೆಹರು ಗಂಜ್ ತೊಗರಿ ವ್ಯಾಪಾರಕ್ಕೆ ಹೆಸರಾದ ಮಾರುಕಟ್ಟೆ. ಸುಗ್ಗಿಯ ದಿನಗಳಲ್ಲಿ ಹಮಾಲರು ಚೀಲ ಹೊತ್ತು ಲಾರಿ ಏರುವುದನ್ನು ನೀವು ನೋಡಿರಬಹುದು. ಸಮತಟ್ಟಾದ ನೆಲದಲ್ಲಿ ಬರಿಗೈಯಲ್ಲಿ ನಡೆಯುವಾಗಲೇ ಮಂಡಿಯ ಮೇಲೆ ದೇಹತೂಕದ 2ರಿಂದ 3 ಪಟ್ಟು ಬಲ ಬೀಳುತ್ತದೆ. 60 ಕಿಲೋಗ್ರಾಂ ತೂಗುವವರಿಗೆ ಇದು 120ರಿಂದ 180 ಕಿಲೋಗ್ರಾಂ ಭಾರಕ್ಕೆ ಸಮ. ಹೆಗಲ ಮೇಲೆ ಚೀಲವಿದ್ದರೆ ಈ ಬಲ ಇನ್ನೂ ಹೆಚ್ಚುತ್ತದೆ. ವರ್ಷಗಟ್ಟಲೆ ಇಂಥ ದುಡಿಮೆ ಮಾಡುವವರಲ್ಲಿ ಮಂಡಿ ಸವೆತದ ಸಂಭವ ಅಧಿಕ.

ನೋವು ಬಂದಾಗ ಕೆಲವರು ಗುಳಿಗೆ ನುಂಗಿ ಮತ್ತೆ ಹೊರೆ ಹೊರುತ್ತಾರೆ. ಕೆಲವರು ಕಾಲು ಅಲುಗಿಸದೆ ಮಲಗಿಬಿಡುತ್ತಾರೆ. ಎರಡೂ ಸರಿಯಲ್ಲ. ಏಕೆ?

ಕೀಲಿನಲ್ಲಿ ಮೂಳೆಗಳ ತುದಿಯನ್ನು ಮೃದ್ವಸ್ಥಿ ಹೊದ್ದಿರುತ್ತದೆ. ಅದಕ್ಕೆ ರಕ್ತನಾಳಗಳಿಲ್ಲ. ಕೀಲು ಚಲಿಸಿದಾಗ, ನೀರಿನಲ್ಲಿ ಸ್ಪಂಜನ್ನು ಹಿಂಡಿ ಬಿಟ್ಟಂತೆ, ಕೀಲುದ್ರವ ಒಳಹೊರಗೆ ಹರಿದು ಪೋಷಕಾಂಶಗಳನ್ನು ತಲುಪಿಸುತ್ತದೆ. ಚಲನೆ ನಿಂತರೆ ಪೋಷಣೆ ಕುಗ್ಗುತ್ತದೆ; ತೊಡೆಯ ಸ್ನಾಯು ಸೊರಗುತ್ತದೆ. ಆಘಾತವನ್ನು ಹೀರಬೇಕಾದ ಸ್ನಾಯುವೇ ದುರ್ಬಲವಾದರೆ ನೋವು ಮತ್ತಷ್ಟು ಹೆಚ್ಚುತ್ತದೆ. ಫಿಸಿಯೋಥೆರಪಿ, ಅಂದರೆ ಭೌತಚಿಕಿತ್ಸೆ, ಈ ಸರಪಳಿಯನ್ನು ಮುರಿಯುತ್ತದೆ. ಸವೆದ ಮೃದ್ವಸ್ಥಿಯನ್ನು ಅದು ಮರಳಿ ಬೆಳೆಸದು. ಆದರೆ ನೋವನ್ನು ತಗ್ಗಿಸಿ ನಡೆಯುವ ಶಕ್ತಿಯನ್ನು ಹೆಚ್ಚಿಸಬಲ್ಲದು.

ಒಂದು ಸರಳ ವ್ಯಾಯಾಮ: ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಡಿ. ತೊಡೆ ಬಿಗಿಹಿಡಿದು ಟವೆಲನ್ನು 5 ಸೆಕೆಂಡು ಒತ್ತಿ, ಬಿಡಿ. 10 ಬಾರಿ ಮಾಡಿ. ಅಲ್ಪ ನೋವಿಗೆ ಹೆದರಬೇಕಿಲ್ಲ. ಮರುದಿನವೂ ನೋವು ಹೆಚ್ಚಿದ್ದರೆ ಪ್ರಮಾಣ ತಗ್ಗಿಸಿ.

ನರ ಮತ್ತು ಸ್ನಾಯುಗಳ ತೊಂದರೆಗಳಲ್ಲಿ ಲೆಕ್ಕ ಬೇರೆ. ಲಕ್ವ ಹೊಡೆದಾಗ ಕೆಟ್ಟಿರುವುದು ಕೈಕಾಲಲ್ಲ, ಮೆದುಳಿನ ಒಂದು ಭಾಗ. ಲೋಟ ಹಿಡಿಯುವುದು, ಎದ್ದು ನಿಲ್ಲುವುದು ಮುಂತಾದ ಕೆಲಸಗಳನ್ನು ಮತ್ತೆ ಮತ್ತೆ ಮಾಡಿಸಿದರೆ ಮೆದುಳಿನ ಉಳಿದ ಭಾಗಗಳು ಆ ಕೆಲಸವನ್ನು ಸ್ವಲ್ಪಮಟ್ಟಿಗೆ ಕಲಿಯಬಲ್ಲವು. ಅಲುಗದ ಕೈಯನ್ನು ಹಾಗೇ ಬಿಟ್ಟರೆ ಕೀಲು ಬಿಗಿದುಕೊಳ್ಳುತ್ತದೆ. ಆದರೆ ಸ್ನಾಯು ಕ್ಷಯಿಸುವ ಆನುವಂಶಿಕ ಕಾಯಿಲೆಗಳಲ್ಲಿ ಅತಿಯಾದ ಕಸರತ್ತು ಹಾನಿ ತರಬಹುದು. ಆದ್ದರಿಂದ ಔಷಧದಂತೆ ವ್ಯಾಯಾಮಕ್ಕೂ ಪ್ರಮಾಣವುಂಟು. ಅದನ್ನು ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ನಿರ್ಧರಿಸಬೇಕು.

ಒಂದು ಎಚ್ಚರಿಕೆ: ಕೀಲು ಕೆಂಪಾಗಿ ಊದಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಕೈಕಾಲು ದಿಢೀರನೆ ಸೋತರೆ ವ್ಯಾಯಾಮಕ್ಕೆ ತೊಡಗದೆ ಕೂಡಲೇ ಆಸ್ಪತ್ರೆಗೆ ಹೋಗಿ. ಉಳಿದಂತೆ, ನೋವಿದೆಯೆಂದು ನಡೆಯುವುದನ್ನು ನಿಲ್ಲಿಸಬೇಡಿ.